ಗುಡಿಸದೆ ಬಿಟ್ಟ ಮನೆ

ಪ್ರಯಾಣ ಹೊರಟವರ ಬೆನ್ನಿಗೇ ಮನೆ ಗುಡಿಸಬಾರದು ಎಂಬುದು ತೀರ್ಥಹಳ್ಳಿ ಕಡೆಯ ನಮ್ಮ ತವರಿನಲ್ಲಿ ಯಾರೂ ಪ್ರಶ್ನಿಸದ ಕಟ್ಟಳೆಯಾಗಿತ್ತು. 2024ರ ಮೇ 31ರ ಶುಕ್ರವಾರ ಮಗಳು, ಅಳಿಯ ಮತ್ತು ಇಬ್ಬರು ಮೊಮ್ಮಕ್ಕಳನ್ನು ಷಿಕಾಗೊದ ಓಹೇರ್ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ ಸಂಜೆ, ಮನೆಯ ಸ್ಥಿತಿ ನೋಡಲಾರದೆ ನಮ್ಮವರು ವ್ಯಾಕ್ಯೂಮ್ ಯಂತ್ರವನ್ನು ಹೊರಗೆಳೆದರು. ಅವರು ಬೆಂಗಳೂರು ಮುಟ್ಟುವ ತನಕ ಇರಲಿ ಎಂದು ನಾನು ಅದರ ವೈರನ್ನು ಸುತ್ತಿ ಮತ್ತೆ ಒಳಗಿಟ್ಟೆ.

ಗುಡಿಸುವುದಕ್ಕೆ ಇದ್ದದ್ದು ಸಾಮಾನ್ಯ ಕಸವಲ್ಲ. ನಡುಮನೆಯ ಕಾರ್ಪೆಟ್ಟಿನ ಮೇಲೆ, ಸೋಫಾದ ಸಂದಿಯಲ್ಲಿ, ಕೊನೆಗೆ ದೇವರ ಕೋಣೆಯ ಹೊಸ್ತಿಲಿನಲ್ಲಿಯೂ ಜೀರುಂಡೆಗಳ ಪೊರೆ ಬಿದ್ದಿತ್ತು. ನಾವಿರುವ ಲೈಲ್ ಎಂಬ ಊರು ಷಿಕಾಗೊದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿದೆ. ಈ ಭಾಗದ ಜೀರುಂಡೆಗಳು, ಇಲ್ಲಿಯವರು ಸಿಕಾಡಾ ಎನ್ನುವಂಥವು, ಹದಿನೇಳು ವರ್ಷ ಮಣ್ಣಿನೊಳಗೆ ಮರದ ಬೇರಿನ ರಸ ಹೀರುತ್ತ ಕಾಲ ಕಳೆದು, ಹದಿನೇಳನೆಯ ವರ್ಷದ ಮೇ ತಿಂಗಳಿನಲ್ಲಿ, ಒಂದು ಗೇಣು ಆಳದ ಮಣ್ಣು 18 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾದೊಡನೆ, ಎಲ್ಲವೂ ಒಟ್ಟಾಗಿ ಹೊರಗೆ ಬರುತ್ತವೆ. ಕಾಂಡ ಹತ್ತಿ, ಬೆನ್ನು ಸೀಳಿ, ಪೊರೆ ಕಳಚಿ, ಮೊದಲು ಹಾಲುಬಿಳುಪಾಗಿದ್ದು ಬೆಳಗಾಗುವುದರೊಳಗೆ ಕಪ್ಪಾಗುತ್ತವೆ; ಕಣ್ಣು ಮಾತ್ರ ಕುಂಕುಮದ ಕೆಂಪು. ಹಳೆಯ ಮರಗಳಿರುವಲ್ಲಿ ಒಂದು ಎಕರೆಗೆ ಹತ್ತು ಲಕ್ಷಕ್ಕೂ ಮಿಕ್ಕಿ ಏಳುವುದುಂಟು. ಹಿಂದೆ ಜೋಳದ ಹೊಲವಾಗಿದ್ದ ಜಾಗದಲ್ಲಿ ಎದ್ದಿರುವ ಹೊಸ ಬಡಾವಣೆಗಳಲ್ಲಿ ಬೇರೂ ಇಲ್ಲ, ಜೀರುಂಡೆಯೂ ಇಲ್ಲ. ನಮ್ಮ ಹಿತ್ತಿಲಿನಲ್ಲಿ ಮನೆಗಿಂತ ಹಳೆಯದಾದ ಓಕ್ ಮರವೊಂದಿದೆ. ಎಂಟು ವರ್ಷದ ಮೊಮ್ಮಗ ದಿನವೂ ಅದರ ಬುಡದಲ್ಲಿ ಕುಳಿತು ಪೊರೆಗಳನ್ನು ಹೆಕ್ಕಿ, ತಂಗಿಯ ಫ್ರಾಕಿನ ಬೆನ್ನಿಗೆ ಸಾಲಾಗಿ ಅಂಟಿಸುತ್ತಿದ್ದ. ಪೊರೆಯ ಕಾಲುಗಳಲ್ಲಿ ಸಣ್ಣ ಕೊಕ್ಕೆಗಳಿರುವುದರಿಂದ ಬಟ್ಟೆಗೆ ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಹಾಗೆಯೇ ಒಳಗೆ ಬಂದು ಮನೆಯೆಲ್ಲ ಉದುರಿಸುತ್ತಿದ್ದಳು.

ಈ ಮನೆಗೆ ನಾವು ಬಂದದ್ದು 1986ರಲ್ಲಿ. 1990ರಲ್ಲಿ ಇವು ಎದ್ದಾಗ ಏಳು ವರ್ಷದ ಮಗಳು ಹೆದರಿ ನಾಲ್ಕು ವಾರ ಅಂಗಳಕ್ಕೇ ಇಳಿಯಲಿಲ್ಲ ಎಂಬುದನ್ನು ಅವಳ ಮಗನಿಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು. 2007ರಲ್ಲಿ ಎದ್ದಾಗ ನನ್ನ ಅಮ್ಮ ಇಲ್ಲಿದ್ದಳು, ಆರು ತಿಂಗಳ ವೀಸಾದ ಮೇಲೆ ಬಂದಿದ್ದಳು, ಆಗ ಅವಳಿಗೆ 73 ವರ್ಷ. ಊರಿನ ಜನ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದುದನ್ನು ಕಂಡು, “ಇದಕ್ಕೆ ಇವರು ಹದಿನೇಳು ವರ್ಷ ಕಾಯ್ತಾರಾ? ನಮ್ಮಲ್ಲಿ ಮಳೆ ಹಿಡಿಯೋ ಮುಂಚೆ ವರ್ಷವರ್ಷವೂ ಕೂಗ್ತಾವಲ್ಲೇ” ಎಂದಿದ್ದಳು. ಅಮೆರಿಕದ ಬಗ್ಗೆ ಅವಳಿಗೆ ಇದ್ದ ಗೌರವ ಅಂದೇ ಸ್ವಲ್ಪ ಕಡಿಮೆಯಾಯಿತೆಂದು ನನ್ನ ಗುಮಾನಿ.

ಮಕ್ಕಳು ವಿದೇಶದಲ್ಲಿ, ಹಿರಿಯರು ಊರಿನಲ್ಲಿ, ರಜೆಗೆ ಬಂದು ಹೋದವರ ಹಿಂದೆ ಮನೆ ಬಿಕೋ ಎನ್ನುವುದು: ಕನ್ನಡದಲ್ಲಿ ಈ ಸಂಗತಿಯನ್ನು ಬೇಕಾದಷ್ಟು ಜನ ಬರೆದಿದ್ದಾರೆ. ನಮ್ಮದು ತಿರುಗುಮುರುಗು. ಇಲ್ಲಿಯೇ ಹುಟ್ಟಿ ಬೆಳೆದ ಮಗಳು 2014ರಲ್ಲಿ ಗಂಡನ ಕೆಲಸದ ನಿಮಿತ್ತ ಎರಡು ವರ್ಷಕ್ಕೆಂದು ಬೆಂಗಳೂರಿಗೆ ಹೋದವಳು ಅಲ್ಲಿಯೇ ನೆಲೆಸಿದಳು. ಮಕ್ಕಳಿಬ್ಬರೂ ಅಲ್ಲಿಯೇ ಹುಟ್ಟಿದರು. ಮಗಳು ತಾಯ್ನಾಡಿಗೆ ಮರಳಿದಳಲ್ಲ ಎಂದು ಇಲ್ಲಿನ ಕನ್ನಡ ಕೂಟದ ಗೆಳತಿಯರು ಅಭಿನಂದಿಸುತ್ತಾರೆ. ಮರಳುವುದು ಎಂಬ ಮಾತು ಅವಳಿಗೆ ಹೊಂದುವುದಿಲ್ಲ, ಏಕೆಂದರೆ ಅವಳು ಅಲ್ಲಿಂದ ಎಂದೂ ಹೊರಟಿರಲೇ ಇಲ್ಲ. ತೀರ್ಥಹಳ್ಳಿಯವಳಾದ ನನಗೂ ಬೆಂಗಳೂರು ಎಂದೂ ಊರಾಗಿರಲಿಲ್ಲ. ಅಲ್ಲಿ ರಸ್ತೆ ದಾಟಬೇಕಾದರೆ ಈಗಲೂ ಮೊಮ್ಮಗನ ಕೈ ಹಿಡಿಯುತ್ತೇನೆ.

ನೀವೂ ಬಂದುಬಿಡಿ ಎಂದು ಮಗಳು ಈ ಸಲವೂ ಕರೆದಳು. ನಮ್ಮವರ ಹೃದಯದ ಚಿಕಿತ್ಸೆ ಮೆಡಿಕೇರ್ ಎಂಬ ಸರಕಾರಿ ವಿಮೆಯಲ್ಲಿ ನಡೆಯುತ್ತಿದೆ, ಅದು ಸಾಮಾನ್ಯವಾಗಿ ಈ ದೇಶದ ಹೊರಗೆ ನಡೆಯುವುದಿಲ್ಲ ಎಂದು ನಾವು ಪ್ರತಿ ಸಲ ಕೊಡುವ ಉತ್ತರವನ್ನೇ ಕೊಟ್ಟೆವು. ಉತ್ತರ ಸುಳ್ಳಲ್ಲ, ಪೂರ್ತಿಯೂ ಅಲ್ಲ. ನಲವತ್ತೈದು ವರ್ಷ ಬದುಕಿದ ಜಾಗದಲ್ಲಿ ಅಂಚೆಯವನಿಂದ ಹಿಡಿದು ಹಲ್ಲಿನ ವೈದ್ಯರವರೆಗೆ ನಮ್ಮನ್ನು ಬಲ್ಲವರಿದ್ದಾರೆ. ಅಷ್ಟನ್ನು ಮತ್ತೊಮ್ಮೆ ಕಟ್ಟಿಕೊಳ್ಳುವ ವಯಸ್ಸು ನಮ್ಮದಲ್ಲ.

ನಾನು 1979ರಲ್ಲಿ ಹೊರಟಾಗ ಅಮ್ಮ ತೀರ್ಥಹಳ್ಳಿಯ ಬಸ್ ನಿಲ್ದಾಣದವರೆಗೆ ಮಾತ್ರ ಬಂದಿದ್ದಳು. ಮುಂಬಯಿಯಲ್ಲಿ ವಿಮಾನ ಹತ್ತಿಸಿದವನು ಸೋದರಮಾವ. ತಲುಪಿದ ಸುದ್ದಿಯ ಟೆಲಿಗ್ರಾಂ ಕೈಸೇರಲು ಆರು ದಿನ ಹಿಡಿಯಿತಂತೆ. ಆರು ದಿನವೂ ನಾನು ಮಲಗುತ್ತಿದ್ದ ಕೋಣೆಗೆ ಅಮ್ಮ ಪೊರಕೆ ಮುಟ್ಟಿಸಲಿಲ್ಲ. ಉಳಿದ ಮನೆಯನ್ನು ಗುಡಿಸಿದವಳು ಆ ಬಾಗಿಲಿಗೆ ಬಂದಾಗ ನಿಂತುಬಿಡುತ್ತಿದ್ದಳು ಎಂದು ಅತ್ತಿಗೆ ಎಷ್ಟೋ ವರ್ಷಗಳ ಮೇಲೆ ನಗುತ್ತ ಹೇಳಿದ್ದರು. ಆಗ ನಾನೂ ನಕ್ಕಿದ್ದೆ.

ಈಗ ಟೆಲಿಗ್ರಾಂ ಬೇಕಿಲ್ಲ. ನಮ್ಮವರು ಶುಕ್ರವಾರ ರಾತ್ರಿಯಿಡೀ ಫೋನಿನ ಪರದೆಯಲ್ಲಿ ಹಳದಿ ವಿಮಾನವೊಂದು ಅಟ್ಲಾಂಟಿಕ್ ದಾಟುವುದನ್ನು ನೋಡುತ್ತ ಕುಳಿತರು, ಕಣ್ಣು ತೆಗೆದರೆ ಅದು ಬಿದ್ದೀತು ಎಂಬಂತೆ. ದೋಹಾದಲ್ಲಿ ವಿಮಾನ ಬದಲಿಸಿ ಬೆಂಗಳೂರಿನಲ್ಲಿ ಇಳಿದೆವೆಂದು ಮಗಳ ಸಂದೇಶ ಬಂದಾಗ ಇಲ್ಲಿ ಶನಿವಾರ ಮಧ್ಯಾಹ್ನ ಮೂರೂವರೆ, ಅಲ್ಲಿ ಭಾನುವಾರ ಬೆಳಗಿನ ಜಾವ ಎರಡು ಗಂಟೆ. ಕಟ್ಟಳೆಯ ಪ್ರಕಾರ ಗುಡಿಸಲು ಇನ್ನು ಅಡ್ಡಿಯಿರಲಿಲ್ಲ. ನಮ್ಮವರು ಕೇಳಿದರು. ನಾನು ಸೊಂಟ ನೋವು ಎಂದೆ, ನೀವು ಮಾಡುವುದೂ ಬೇಡ ಎಂದೆ. ಮಗಳು ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಡಬ್ಬದಿಂದ ಭರಣಿಗೆ ಹಾಕುವ ಕೆಲಸವೊಂದನ್ನು ಮಾಡಿ ಮುಗಿಸಿದೆ.

ಇಲ್ಲಿನ ಜೂನ್ ಮೊದಲ ವಾರದಲ್ಲಿ ಜೀರುಂಡೆಗಳ ಕೂಗು ಏರಿತು. ಕೂಗುವುದು ಗಂಡು ಮಾತ್ರ. ಬಿಸಿಲೇರಿದ ಮೇಲೆ ಆರಂಭವಾದರೆ ಹಿತ್ತಿಲಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹೆಣ್ಣು ಎಳೆಯ ಕಡ್ಡಿಗಳನ್ನು ಸೀಳಿ ಮೊಟ್ಟೆಯಿಟ್ಟು ಸಾಯುತ್ತದೆ. ಆರರಿಂದ ಹತ್ತು ವಾರಕ್ಕೆ ಅಕ್ಕಿನುಚ್ಚಿನಂಥ ಮರಿಗಳು ಮಣ್ಣಿಗೆ ಬಿದ್ದು, ಬೇರು ಹುಡುಕಿ ಒಳಗಿಳಿಯುತ್ತವೆ. ಅವು ಮೇಲೇಳುವುದು ಇನ್ನು 2041ರಲ್ಲಿ. ಆಗ ಮೊಮ್ಮಗನಿಗೆ 25 ವರ್ಷ, ನನಗೆ 85, ನಮ್ಮವರಿಗೆ 90. ಹೊರಡುವ ಹಿಂದಿನ ದಿನ ಊಟದ ಮೇಜಿನ ಮೇಲೆ ಈ ಲೆಕ್ಕವನ್ನು ಕೂಡಿ ಹೇಳಿದವನು ಮೊಮ್ಮಗನೇ. ಮಗಳು ಅವನಿಗೆ ಕಣ್ಣು ಬಿಟ್ಟಳು. ಲೆಕ್ಕ ಸರಿಯಾಗಿದೆ ಎಂದು ನಮ್ಮವರು ಅವನ ಬೆನ್ನು ತಟ್ಟಿ ಇನ್ನೊಂದು ಸೌಟು ಪಾಯಸ ಬಡಿಸಿಕೊಂಡರು.

ಮರುವಾರದ ಒಂದು ದಿನ, ಇಲ್ಲಿ ಬೆಳಗ್ಗೆ ಹತ್ತಕ್ಕೆ, ಅಲ್ಲಿ ರಾತ್ರಿ ಎಂಟೂವರೆಗೆ ಅವನು ಫೋನ್ ಮಾಡಿದ. ಶಾಲೆ ಶುರುವಾಗಿತ್ತು. ಗೆಳೆಯರಾರೂ ನಂಬುತ್ತಿಲ್ಲವಂತೆ. “ಅಜ್ಜಿ, ಇನ್ನೂ ಕೂಗ್ತಾ ಇದಾವಾ?” ಎಂದ. ನಾನು ಹಿತ್ತಿಲ ಬಾಗಿಲು ತೆರೆದು, ಮೆಟ್ಟಿಲಿಳಿದು, ಓಕ್ ಮರದ ಕೆಳಗೆ ಫೋನನ್ನು ಎತ್ತಿ ಹಿಡಿದು ನಿಂತೆ. ಕೈ ಸೋತು ಫೋನನ್ನು ಕಿವಿಗಿಟ್ಟುಕೊಂಡಾಗ ಆ ಕಡೆಯಿಂದ ಅವನು ಏನೋ ಹೇಳುತ್ತಿದ್ದ, ಕೂಗಿನ ನಡುವೆ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಒಳಗೆ ಬಂದು ಬಾಗಿಲು ಹಾಕಿಕೊಂಡು, “ಈಗ ಹೇಳು ಮರಿ” ಎಂದೆ.