ಮೂರು ಬಾಣಗಳು, ಒಂದು ದಾಳ

ಕಳೆದ ವರ್ಷದ ಒಂದು ಶನಿವಾರ ಸಂಜೆ, ನಾನು ಡಂಜನ್ ಮಾಸ್ಟರ್ ಆಗಿ, ಅಂದರೆ ಕಥೆ ಹೇಳುತ್ತ, ಶತ್ರುಗಳನ್ನು ಆಡಿಸುತ್ತ, ತೀರ್ಪು ಕೊಡುತ್ತ ನಡೆಸುತ್ತಿದ್ದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ದಾಳದಾಟದಲ್ಲಿ ಗೆಳೆಯನೊಬ್ಬನ ಯೋಧ, ಹಿಟ್ ಪಾಯಿಂಟ್ (ಜೀವದ ಅಂಕ) ಸೊನ್ನೆಯಾಗಿ ನೆಲಕ್ಕುರುಳಿದ್ದ. ಶತ್ರುಪಕ್ಷದ ಮಾಂತ್ರಿಕನ ಸರದಿ ಬಂದಾಗ, ಅವನು ಮ್ಯಾಜಿಕ್ ಮಿಸೈಲ್ ಮಂತ್ರದ ಮೂರೂ ಬಾಣಗಳನ್ನು ಬಿದ್ದವನ ಮೇಲೆಯೇ ಬಿಡುತ್ತಾನೆಂದು ನಾನು ಹೇಳಿದೆ. ಸೊನ್ನೆಯಲ್ಲಿರುವವನಿಗೆ ಪೆಟ್ಟು ಬಿದ್ದರೆ ಡೆತ್ ಸೇವ್ ಎಂಬ ಸಾವು ಬದುಕಿನ ಪರೀಕ್ಷೆಯಲ್ಲಿ ಒಂದು ಸೋಲು ಸೇರುತ್ತದೆ. ಮೂರು ಸೋಲಾದರೆ ಪಾತ್ರ ಸತ್ತಂತೆ. ಹಾಗಾದರೆ ಮೂರು ಬಾಣಗಳೆಂದರೆ ಮೂರು ಸೋಲುಗಳೋ, ಮಂತ್ರ ಒಂದೇ ಆದ್ದರಿಂದ ಒಂದೇ ಸೋಲೋ? ನಾಲ್ಕು ವರ್ಷ ಆಡಿ ಬೆಳೆಸಿದ ಪಾತ್ರದ ಅಳಿವು ಉಳಿವು ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

ನಾವು ಆಡುತ್ತಿದ್ದುದು 2014ರ ಐದನೇ ಆವೃತ್ತಿ. ಅದರ ಪ್ರಕಾರ ಪ್ರತಿಯೊಂದು ಬಾಣವೂ ನಾಲ್ಕು ಮುಖದ ದಾಳದ ಅಂಕಿಗೆ 1 ಸೇರಿಸಿದಷ್ಟು ಹಾನಿ ಮಾಡುತ್ತದೆ, ಎಲ್ಲ ಬಾಣಗಳೂ ಏಕಕಾಲಕ್ಕೆ ತಗಲುತ್ತವೆ, ಅವುಗಳನ್ನು ಒಬ್ಬನ ಮೇಲಾದರೂ ಹಲವರ ಮೇಲಾದರೂ ಬಿಡಬಹುದು. ಹಾನಿಯ ಲೆಕ್ಕವನ್ನು ವಿವರಿಸುವ ಭಾಗದಲ್ಲಿ ಇನ್ನೊಂದು ನಿಯಮವಿದೆ: ಒಂದು ಮಂತ್ರ ಒಂದೇ ಸಮಯಕ್ಕೆ ಒಬ್ಬರಿಗಿಂತ ಹೆಚ್ಚು ಜನರಿಗೆ ಹಾನಿ ಮಾಡಿದರೆ ಎಲ್ಲರಿಗೂ ಸೇರಿ ಒಮ್ಮೆ ಮಾತ್ರ ದಾಳ ಉರುಳಿಸಬೇಕು. ಮೂರೂ ಬಾಣಗಳು ಒಬ್ಬನನ್ನೇ ತಗಲಿದರೆ ಏನು ಮಾಡಬೇಕೆಂಬುದು ಅಲ್ಲಿ ಸ್ಪಷ್ಟವಾಗಿಲ್ಲ. ಆ ಆವೃತ್ತಿಯ ನಿಯಮ ವಿನ್ಯಾಸಕರಲ್ಲಿ ಪ್ರಮುಖರಾದ ಜೆರೆಮಿ ಕ್ರಾಫರ್ಡ್ ಅವರು ಆಗಲೂ ಒಮ್ಮೆ ಉರುಳಿಸಿದರೆ ಸಾಕು ಎಂದಿದ್ದಾರೆ. ಸರಾಸರಿ ಹಾನಿ ಎರಡು ರೀತಿಯಲ್ಲೂ 10.5 ಆಗಿರುತ್ತದೆ, ಆದರೆ ಗರಿಷ್ಠವಾದ 15 ಬರುವ ಸಾಧ್ಯತೆ ಒಂದೇ ದಾಳದಲ್ಲಿ ನಾಲ್ಕರಲ್ಲೊಂದು, ಬೇರೆ ಬೇರೆ ಉರುಳಿಸಿದರೆ 64ರಲ್ಲೊಂದು.

ಈ ವಿಚಾರ ನಮ್ಮ ತಂಡಕ್ಕೆ ಹೊಸದಾಗಿರಲಿಲ್ಲ. ತಂಡದ ಇನ್ನೊಬ್ಬ ಗೆಳತಿಯ ಪಾತ್ರ ಎವೊಕೇಷನ್ (ಬೆಂಕಿ, ಬಾಣಗಳಂಥ ಶಕ್ತಿಯನ್ನು ಹೊಮ್ಮಿಸುವ ಮಂತ್ರಗಳ) ಪಂಥದ ಮಾಂತ್ರಿಕಳು. ಆ ಪಂಥದವರು 10ನೇ ಹಂತ ತಲುಪಿದ ಮೇಲೆ ಆ ಬಗೆಯ ಮಂತ್ರದ ಒಂದು ಹಾನಿ ದಾಳಕ್ಕೆ ತಮ್ಮ ಬುದ್ಧಿಶಕ್ತಿಯ ಮಾಡಿಫೈಯರ್ (ಬುದ್ಧಿಶಕ್ತಿಯಿಂದ ಸಿಗುವ ಹೆಚ್ಚುವರಿ ಅಂಕ) ಸೇರಿಸಿಕೊಳ್ಳಬಹುದು. ಅವಳಿಗಿದ್ದ ಮಾಡಿಫೈಯರ್ 5. ದಾಳ ಒಂದೇ ಎಂದಾದರೆ ಆ 5 ಪ್ರತಿ ಬಾಣಕ್ಕೂ ಸೇರಿ ಸರಾಸರಿ ಹಾನಿ 25.5 ಆಗುತ್ತದೆ, ಮೂರು ದಾಳ ಎಂದಾದರೆ 15.5 ಮಾತ್ರ. ಮೂರು ತಿಂಗಳ ಹಿಂದೆ ಅವಳು ಪುಸ್ತಕ ತೆರೆದು ಇದನ್ನು ವಾದಿಸಿದಾಗ ನಾನು ಒಪ್ಪಿದ್ದೆ. ಹಾಗಾಗಿ ಆ ಸಂಜೆ ಬಿದ್ದ ಯೋಧನನ್ನು ಆಡಿಸುತ್ತಿದ್ದ ಗೆಳೆಯ ನನ್ನನ್ನು ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು: "ಅವಳ ಬಾಣಗಳಿಗೆಲ್ಲ ಒಂದೇ ದಾಳ ಅಂದವನು ನೀನೇ. ಈಗ ನನ್ನ ಸಾವಿನ ಲೆಕ್ಕಕ್ಕೆ ಮಾತ್ರ ಮೂರು ಹೇಗಾಯಿತು?"

ನಾನು ಆಟ ನಿಲ್ಲಿಸಿ ಯೋಚಿಸಲು ಹತ್ತು ನಿಮಿಷ ಸಮಯ ಕೇಳಿಕೊಂಡೆ. ಅವನ ಮಾತಿನಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ದಾಳವನ್ನು ಎಷ್ಟು ಸಲ ಉರುಳಿಸಬೇಕು ಎಂಬುದು ಒಂದು, ಪೆಟ್ಟು ಎಷ್ಟು ಸಲ ಬೀಳುತ್ತದೆ ಎಂಬುದು ಇನ್ನೊಂದು. ಫೈರ್‌ಬಾಲ್ ಮಂತ್ರದಲ್ಲಿ ಎಂಟು ಜನ ಸಿಕ್ಕಿಬಿದ್ದರೂ ಹಾನಿಗೆ ಒಂದೇ ಬಾರಿ ದಾಳಗಳು ಉರುಳುತ್ತವೆ, ಆದರೆ ಸುಡುವುದು ಎಂಟೂ ಜನರನ್ನು. ಅಂದರೆ ಒಮ್ಮೆ ಉರುಳಿಸುವುದು ಲೆಕ್ಕದ ಅನುಕೂಲಕ್ಕಾಗಿ ಇರುವ ಏರ್ಪಾಡೇ ಹೊರತು, ಪೆಟ್ಟು ಒಂದೇ ಎನ್ನುವುದಕ್ಕೆ ಅದು ಸಾಕ್ಷಿಯಾಗಲಾರದು. ಮಂತ್ರದ ವಿವರಣೆಯಲ್ಲಿ ಹಾನಿ ಮಾಡುವುದು "ಬಾಣ", ಮಂತ್ರವಲ್ಲ. ಆದ್ದರಿಂದ ದಾಳ ಒಂದು, ಪೆಟ್ಟು ಮೂರು ಎಂಬುದೇ ಸರಿಯಾದ ಓದು ಎಂದು ನನಗೆ ಅನಿಸಿತು, ಈಗಲೂ ಅನಿಸುತ್ತದೆ.

ಆದರೂ ಆ ದಿನ ನಾನು ಒಂದೇ ಸೋಲು ಎಂದು ತೀರ್ಪು ಕೊಟ್ಟೆ. ನನ್ನ ಓದನ್ನು ನಾನು ಯಾರಿಗೂ ಮೊದಲೇ ತಿಳಿಸಿರಲಿಲ್ಲ. ತಿಳಿಸಿದ್ದರೆ ಪಕ್ಕದಲ್ಲೇ ಇದ್ದ ಪುರೋಹಿತ ಪಾತ್ರ ತನ್ನ ಹಿಂದಿನ ಸರದಿಯಲ್ಲಿ ಶತ್ರುವಿನತ್ತ ನುಗ್ಗುವ ಬದಲು ಬಿದ್ದವನನ್ನು ಎಬ್ಬಿಸುತ್ತಿದ್ದ. ನಮ್ಮ ಮನೆಯಲ್ಲಿ ಚೌಕಾಬಾರ ಆಡುವಾಗ, ಯಾವ ಗರ ಬಿದ್ದರೆ ಮತ್ತೊಂದು ಆಟ ಸಿಗುತ್ತದೆ ಎಂಬುದನ್ನು ಅಜ್ಜಿ ಮೊದಲ ಕವಡೆ ಬೀಳುವ ಮುಂಚೆಯೇ ಎಲ್ಲರಿಂದ ಒಪ್ಪಿಸಿಕೊಳ್ಳುತ್ತಿದ್ದರು, ಏಕೆಂದರೆ ಕವಡೆ ಬಿದ್ದ ಮೇಲೆ ಪ್ರತಿಯೊಬ್ಬರಿಗೂ ತಮಗೆ ಅನುಕೂಲವಾದ ನಿಯಮವೇ ನೆನಪಾಗುತ್ತದೆ. ಮುಂದಿನ ವಾರದಿಂದ ದಾಳ ಒಂದು, ಪೆಟ್ಟು ಮೂರು, ಇದು ಎರಡೂ ಪಕ್ಷಗಳಿಗೆ ಅನ್ವಯ ಎಂದು ತಂಡದ ನೋಟ್‌ಬುಕ್ಕಿನಲ್ಲಿ ಎಲ್ಲರ ಎದುರಿಗೇ ಬರೆದಿಟ್ಟೆ. ಯೋಧ ಬದುಕಿಕೊಂಡ.

ಆ ಸಾಲು ಉಪಯೋಗಕ್ಕೆ ಬಂದದ್ದು ಎರಡು ತಿಂಗಳ ನಂತರ, ನನ್ನ ಪಕ್ಷದ ವಿರುದ್ಧವಾಗಿ. ಶತ್ರುಗಳ ಮಾಟಗಾತಿಯೊಬ್ಬಳು ಕಾನ್ಸಂಟ್ರೇಷನ್‌ನಲ್ಲಿ (ಏಕಾಗ್ರತೆಯಿಂದ) ಹಿಡಿದಿಟ್ಟಿದ್ದ ಮಂತ್ರವನ್ನು ಮುರಿಯಲು ಗೆಳತಿ ಮೂರೂ ಬಾಣಗಳನ್ನು ಅವಳ ಮೇಲೆ ಬಿಟ್ಟಳು. ಪ್ರತಿ ಪೆಟ್ಟಿಗೂ ಏಕಾಗ್ರತೆ ಉಳಿಸಿಕೊಳ್ಳಲು ಮಾಟಗಾತಿಗೆ ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬೀಳಬೇಕಿತ್ತು. ಒಂದು ಸಲ ಉರುಳಿಸಿದಾಗ ಉಳಿಯುವ ಸಾಧ್ಯತೆ ಶೇ. 65, ಮೂರು ಸಲವೂ ಗೆಲ್ಲಬೇಕಾದ್ದರಿಂದ ಅದು ಸುಮಾರು ಶೇ. 27ಕ್ಕೆ ಇಳಿದಿತ್ತು. ನಾನು ನನ್ನ ದಾಳಗಳನ್ನು ಮರೆಮಾಡುವ ಪರದೆ ಸರಿಸಿ, ಆ ದಾಳವನ್ನು ಎಲ್ಲರಿಗೂ ಕಾಣುವಂತೆ ಮೂರು ಸಲ ಉರುಳಿಸಿದೆ: 14, 9, 3. ಯಾರೂ ಪುಸ್ತಕ ತೆರೆಯಲಿಲ್ಲ.