ಒಂದೇ ಊರು, ಎರಡು ಕೋರ್ಟು

ಅಂತರರಾಷ್ಟ್ರೀಯ ಕಾನೂನು ಒಂದೇನಾ, ಹಲವಾ? ಯಾರಾದರೂ ಕೇಳಿದರೆ ನಾನು ಹೇಗ್ ನಗರದ ಎರಡು ಕೋರ್ಟುಗಳ ಕಥೆ ಹೇಳುತ್ತೇನೆ.

ಒಂದು ಸರ್ಕಾರ ಬೇರೆ ದೇಶದ ಸಶಸ್ತ್ರ ಗುಂಪಿಗೆ ದುಡ್ಡು, ಬಂದೂಕು ಕೊಡುತ್ತದೆ. ಆ ಗುಂಪು ಮಾಡಿದ ಕೊಲೆಗಳಿಗೆ ಸರ್ಕಾರ ಹೊಣೆಯೇ? ದುಡ್ಡು, ಬಂದೂಕು ಕೊಟ್ಟದ್ದಷ್ಟೇ ಸಾಲದು, ಕೊಲೆ ನಡೆದ ಕಾರ್ಯಾಚರಣೆಯ ಮೇಲೇ ಹಿಡಿತ ಇರಬೇಕು ಎಂದು ನಿಕರಾಗುವಾ ದೇಶ ಅಮೆರಿಕದ ಮೇಲೆ ಹೂಡಿದ್ದ ಮೊಕದ್ದಮೆಯ 1986ರ ತೀರ್ಪಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. 1999ರಲ್ಲಿ ಟಾಡಿಚ್ ಎಂಬ ಬೋಸ್ನಿಯಾದ ಸರ್ಬ್ ಆರೋಪಿಯ ಪ್ರಕರಣದಲ್ಲಿ ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಮಂಡಳಿ ಇದನ್ನು ಒಪ್ಪಲಿಲ್ಲ. ಸೈನ್ಯದಂತೆ ಸಂಘಟಿತವಾದ ಗುಂಪಾದರೆ ಒಟ್ಟಾರೆ ಹಿಡಿತ ಸಾಕು ಎಂದಿತು. ಇಬ್ಬರ ಜಗಳ ಬಿಡಿಸಲು ಮೇಲೊಂದು ಕೋರ್ಟಿಲ್ಲ.

ಸರ್ಬಿಯಾದ ಮೇಲೆ ಬೋಸ್ನಿಯಾ ಹೂಡಿದ್ದ ಮೊಕದ್ದಮೆಯಲ್ಲಿ 2007ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು ಬಂತು. ಬೋಸ್ನಿಯಾದ ಸ್ರೆಬ್ರೆನಿಕಾ ಊರಿನಲ್ಲಿ ಸರ್ಬಿಯಾದ ನೆರವು ಪಡೆದಿದ್ದ ಬೋಸ್ನಿಯಾದ ಸರ್ಬ್ ಪಡೆ ನಡೆಸಿದ್ದು ನರಮೇಧವೇ, ಸರ್ಬಿಯಾ ಅದನ್ನು ತಡೆಯಲಿಲ್ಲ, ಆದರೆ ಆ ಕೃತ್ಯ ಸರ್ಬಿಯಾದ್ದಲ್ಲ. ಯಾಕೆ? 1986ರ ಹಳೆಯ ಅಳತೆಯೇ ಸರಿ ಅಂತ ನ್ಯಾಯಾಲಯ ಪಟ್ಟು ಹಿಡಿದಿತ್ತು.

ಒಂದೇ ನಿಯಮ ಇದ್ದರೆ ನೆಮ್ಮದಿ, ಅಲ್ವಾ? ಆದರೂ ಟಾಡಿಚ್ ತೀರ್ಪು ಬಂದದ್ದು ಒಳ್ಳೆಯದೇ ಆಯಿತು ಅನ್ನುವವನು ನಾನು. ಅದು ಬರದಿದ್ದರೆ ಹಳೆಯ ಅಳತೆಗೆ ಕಾರಣ ಕೊಡುವ ಒತ್ತಡವೇ ಇರುತ್ತಿರಲಿಲ್ಲ. 2007ರಲ್ಲಿ ನ್ಯಾಯಾಲಯ ಟಾಡಿಚ್ ಅಳತೆಯನ್ನು ಸುಮ್ನೆ ತಳ್ಳಿಹಾಕಲಿಲ್ಲ. ಯುದ್ಧ ದೇಶಗಳ ನಡುವಿನದೇ, ಒಂದೇ ದೇಶದ ಒಳಗಿನದೇ ಎಂದು ತೀರ್ಮಾನಿಸಲು ಒಟ್ಟಾರೆ ಹಿಡಿತದ ಅಳತೆ ಸರಿಹೋಗಬಹುದು, ದೇಶವನ್ನು ಹೊಣೆ ಮಾಡಲು ಸಾಲದು ಎಂದು ವಿವರಿಸಿತು. ಈ ವಿವರಣೆ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.