ಕಾರು ಮಾರಾಟಕ್ಕಿದೆ, ಆದರೆ ನಿಮಗಲ್ಲ

ಜರ್ಮನಿ ನೋಡಲು ಬಂದವರು ಬರ್ಲಿನ್, ಮ್ಯೂನಿಕ್ ಅಂತ ಓಡುತ್ತಾರೆ. ಓಸ್ನಾಬ್ರುಕ್ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ನಾವು ಅಲ್ಲಿಗೆ ಹೋಗಿದ್ದು ಒಂದು ಕಾರಿಗಾಗಿ. 1968ರ ಮಾಡೆಲ್ ಫೋಕ್ಸ್‌ವ್ಯಾಗನ್ ಬೀಟಲ್, ಟಾಪ್ ಮಡಚುವ ಕನ್ವರ್ಟಿಬಲ್, 1500 ಸಿಸಿ ಎಂಜಿನ್, ಪೂರ್ತಿ ರಿಸ್ಟೋರ್ ಆದದ್ದು, ಬೆಲೆ 28,000 ಯೂರೋ ಅಂತ ಜಾಹೀರಾತು. ಕೊಳ್ಳುವ ಆಸೆ ಹನೋವರ್‌ನಲ್ಲಿ ಕೆಲಸದಲ್ಲಿರುವ ನನ್ನ ಗೆಳೆಯನದು. ನಾನು ಸುಮ್ನೆ ಜೊತೆಗೆ ಹೋದವನು.

ಅಲ್ಲಿಗೆ ಹೊರಡುವ ಮೊದಲು ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಊರಾದ ವೋಲ್ಫ್ಸ್‌ಬರ್ಗ್‌ ಮ್ಯೂಸಿಯಂ ನೋಡಿದ್ದಾಯಿತು. 1955ರಲ್ಲಿ ತಯಾರಾದ ಹತ್ತು ಲಕ್ಷದನೇ ಬೀಟಲ್ಲಿಗೆ ಚಿನ್ನದ ಬಣ್ಣ ಬಳಿದು, ಹೊಳೆಯುವ ಹರಳು ಅಂಟಿಸಿದ್ದಾರೆ. ನನಗಂತೂ ಹಿಡಿಸಲಿಲ್ಲ. ಬಡವರ ಕಾರಿಗೆ ಇಷ್ಟು ಒಡವೆ ಯಾಕೆ? ಓಸ್ನಾಬ್ರುಕ್‌ನಲ್ಲಿ ಪುರಭವನಕ್ಕೆ ಹೋಗಿ, ಮೂವತ್ತು ವರ್ಷಗಳ ಯುದ್ಧ ಮುಗಿಸಿದ 1648ರ ಶಾಂತಿ ಒಪ್ಪಂದದ ಕೋಣೆಯ ಗೋಡೆ ತುಂಬಾ ಇರುವ ರಾಯಭಾರಿಗಳ ಚಿತ್ರ ನೋಡಿದೆವು. ಊರು ಚೆನ್ನಾಗಿದೆ, ಅಷ್ಟೇ.

ಕಾರಿನ ಮಟ್ಟಿಗೆ ಮಾತ್ರ ಈ ಊರೇ ತವರು. ಸಾಮಾನ್ಯ ಬೀಟಲ್ ತಯಾರಾಗುತ್ತಿದ್ದದ್ದು ವೋಲ್ಫ್ಸ್‌ಬರ್ಗ್‌ನಲ್ಲಿ. ನಾಲ್ಕು ಸೀಟಿನ ಕನ್ವರ್ಟಿಬಲ್ ಮಾಡುತ್ತಿದ್ದವರು ಓಸ್ನಾಬ್ರುಕ್‌ನ ಕಾರ್ಮನ್ ಕಂಪನಿಯವರು. 1949ರಿಂದ 1980ರ ಜನವರಿವರೆಗೆ 3,30,000ಕ್ಕೂ ಜಾಸ್ತಿ ಕಾರು ಮಾಡಿದರು. 2009ರಲ್ಲಿ ಕಂಪನಿ ದಿವಾಳಿಯಾಯಿತು, ಕಾರ್ಖಾನೆ ಫೋಕ್ಸ್‌ವ್ಯಾಗನ್ ಪಾಲಾಯಿತು.

ಇನ್ನು ಬಸ್ಸಿನ ಕಥೆ. ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಾರು ಇದ್ದದ್ದು ಟ್ಯೂಟೊಬರ್ಗ್ ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ. ವೇಳಾಪಟ್ಟಿಯಲ್ಲಿ ಬಸ್ ಇತ್ತು, ಸಮಯವೂ ಇತ್ತು. ನಿಂತೆವು, ಬರಲಿಲ್ಲ. ಮುಂದಿನದೂ ಬರಲಿಲ್ಲ. ನಾಯಿ ಹಿಡಿದುಕೊಂಡು ಬಂದ ಒಬ್ಬ ಹೆಂಗಸು ಪಟ್ಟಿಯ ಮೂಲೆಯಲ್ಲಿದ್ದ ಪುಟ್ಟ ಫೋನಿನ ಚಿತ್ರ ತೋರಿಸಿದರು. ಅದು ಕರೆದರೆ ಮಾತ್ರ ಬರುವ ಬಸ್ಸಂತೆ! ಮೊದಲೇ ಫೋನ್ ಮಾಡಿ ಹೇಳಿರಬೇಕು, ಇಲ್ಲದಿದ್ದರೆ ಡ್ರೈವರ್ ಹೊರಡುವುದೇ ಇಲ್ಲ. ಸಾಸಿವೆ ಕಾಳಿನಷ್ಟು ಚಿತ್ರ ಹಾಕಿ ಇಂಥ ವಿಷಯ ಹೇಳುವುದಾ? ಜರ್ಮನಿಯ ಹಳ್ಳಿಗಳಿಗೆ ಶನಿವಾರ, ಭಾನುವಾರ ಹೋಗುವವರು ಆ ಫೋನಿನ ಗುರುತು ಇದೆಯಾ ಅಂತ ಮೊದಲು ನೋಡಿಕೊಳ್ಳಿ. ನಾವು ನಡೆದೇ ಹೋದೆವು. ಎರಡೂ ಕಡೆ ಹಳದಿ ಹೂ ಬಿಟ್ಟ ರೇಪ್ಸ್ (ಸಾಸಿವೆ ಜಾತಿಯ ಎಣ್ಣೆಕಾಳು) ಹೊಲ. ಗೆಳೆಯ ದಾರಿಯುದ್ದಕ್ಕೂ ಬೈಯುತ್ತಲೇ ಬಂದ.

ಮಾರುವ ಯಜಮಾನರು ಎಪ್ಪತ್ತರ ಹತ್ತಿರದವರು. ಕಾರ್ಮನ್‌ನಲ್ಲಿ ಟಾಪ್ ಹೊಲಿಯುವ ವಿಭಾಗದಲ್ಲಿದ್ದವರಂತೆ. ತಿಳಿ ನೀಲಿ ಬಣ್ಣದ ಕಾರು ಶೆಡ್ಡಿನಲ್ಲಿತ್ತು. ಗೆಳೆಯ ಸೀದಾ ಹಿಂದಕ್ಕೆ ಹೋಗಿ ಎಂಜಿನ್ ನೋಡಲು ಬಗ್ಗಿದ. ಗಾಳಿಯಿಂದಲೇ ತಣ್ಣಗಾಗುವ, ನಾಲ್ಕು ಸಿಲಿಂಡರಿನ, 44 ಅಶ್ವಶಕ್ತಿಯ ಎಂಜಿನ್. ರೇಡಿಯೇಟರ್ ಇಲ್ಲ, ನೀರು ಇಲ್ಲ. ಯಜಮಾನರು ಅವನ ಭುಜ ತಟ್ಟಿ, "ಎಂಜಿನ್ ಆಮೇಲೆ ನೋಡಿ. ಎಂಜಿನ್ ಯಾವಾಗ ಬೇಕಾದರೂ ಸಿಗುತ್ತೆ. ಬಾಡಿ ಸಿಗಲ್ಲ" ಅಂದರು.

ಆಮೇಲೆ ನಡೆದದ್ದು ನನ್ನನ್ನು ಇದನ್ನೆಲ್ಲ ಬರೆಯಲು ಕೂರಿಸಿದೆ. ಮಾರುವವರು ವಸ್ತುವನ್ನು ಹೊಗಳುವುದು ನೋಡಿದ್ದೆ. ಅನುಮಾನ ಪಡುವುದು ಹೇಗೆ ಅಂತ ಪಾಠ ಹೇಳಿಕೊಟ್ಟವರನ್ನು ನೋಡಿರಲಿಲ್ಲ.

ಮೊದಲು ಹಿಂದಿನ ಸೀಟು ಎತ್ತಿದರು. ಸೀಟಿನ ಅಡಿಯಲ್ಲಿ ಕಂದು ಬಣ್ಣದ ನಾರು ಕಂಡಿತು. ಮುಟ್ಟಿ ನೋಡಿದೆ. ತೆಂಗಿನ ನಾರು, ರಬ್ಬರ್ ಸೇರಿಸಿ ಒತ್ತಿದ್ದು. "ಸ್ಪಂಜ್ ಹಾಕಬಹುದಿತ್ತು, ಅಗ್ಗ. ಆದರೆ ಬೀಟಲ್ ವಾಸನೆ ಬರಲ್ಲ" ಅಂದರು. ಸೀಟಿನ ಕೆಳಗೇ ಬ್ಯಾಟರಿ. ಅದರ ಮೇಲೆ ಮುಚ್ಚಳ ಇರಲೇಬೇಕು, ಇಲ್ಲದಿದ್ದರೆ ದಪ್ಪ ಜನ ಕೂತಾಗ ಸೀಟಿನ ಸ್ಪ್ರಿಂಗ್ ತಾಗಿ ಬೆಂಕಿ ಹತ್ತುತ್ತದೆ.

ಪಕ್ಕದಲ್ಲೇ ನಡುವಿನ ಉಬ್ಬಿನ ಮೇಲೆ ಕೊರೆದ ಚಾಸಿ ನಂಬರ್. ಟಾರ್ಚ್ ಬಿಟ್ಟು ಗೆಳೆಯನ ಕೈಲೇ ಓದಿಸಿದರು. 158ರಿಂದ ಶುರು.

"15 ಅಂದರೆ ಕನ್ವರ್ಟಿಬಲ್. 8 ಅಂದರೆ 1968ರ ಮಾಡೆಲ್. 11 ಅಂತ ಇದ್ದರೆ?"

"ಗೊತ್ತಿಲ್ಲ."

"ಮಾಮೂಲಿ ಬೀಟಲ್. ಯಾರೋ ಮೇಲ್ಛಾವಣಿ ಗರಗಸದಲ್ಲಿ ಕೊಯ್ದಿದ್ದಾರೆ ಅಂತ ಅರ್ಥ. ಬೆಲೆ ಕೇಳದೆ ವಾಪಸ್ ಹೋಗಿ."

ಛಾವಣಿ ತೆಗೆದರೆ ಬಾಡಿಯ ಬಿಗಿ ಹೋಗುತ್ತದೆ. ಅದಕ್ಕೇ ಕಾರ್ಮನ್‌ನವರು ಬಾಗಿಲ ಕೆಳಗಿನ ಪಟ್ಟಿಗಳಿಗೆ ದಪ್ಪ ತಗಡು ಸೇರಿಸುತ್ತಿದ್ದರು. ಎಂಜಿನ್ನಿನ ಬಿಸಿ ಗಾಳಿ ಮುಂದಿನ ಸೀಟಿಗೆ ಬರುವುದೂ ಆ ಪಟ್ಟಿಯ ಒಳಗಿನಿಂದಲೇ. ತುಕ್ಕು ಹಿಡಿಯುವುದೂ ಅಲ್ಲೇ. ಯಜಮಾನರು ಒಂದು ಅಯಸ್ಕಾಂತ ಕೊಟ್ಟು ಪಟ್ಟಿಯುದ್ದಕ್ಕೂ ಎಳೆಯಲು ಹೇಳಿದರು. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಪುಟ್ಟಿ ಮೆತ್ತಿದ್ದಾರೆ. ಎಲ್ಲ ಕಡೆ ಅಂಟಿತು. ಆಮೇಲೆ ಕಾರನ್ನು ಒಂದು ಪಕ್ಕಕ್ಕೆ ಜಾಕ್ ಹಾಕಿ ಎತ್ತಿ, ಅದೇ ಪಕ್ಕದ ಬಾಗಿಲನ್ನು ಒಂದೇ ಬೆರಳಲ್ಲಿ ತೆರೆದು ಮುಚ್ಚಿದರು. ಕ್ಲಿಕ್ ಅಂತ ಕೂತಿತು. "ಪಟ್ಟಿ ಕೊಳೆತಿದ್ದರೆ ಬಾಡಿ ಬಾಗಿ ಈ ಬಾಗಿಲು ಮುಚ್ಚೋದೇ ಇಲ್ಲ" ಅಂದರು.

ಟಾಪಿನ ಬಗ್ಗೆ ಮಾತು ಶುರುವಾದ ಮೇಲೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಒಳಗೆ ಒಂದು ಬಟ್ಟೆ, ನಡುವೆ ಮೆತ್ತೆ, ಹೊರಗೆ ಇನ್ನೊಂದು ಪದರ, ಹಿಂದೆ ಪ್ಲಾಸ್ಟಿಕ್ ಅಲ್ಲ, ನಿಜವಾದ ಗಾಜು. ಅದಕ್ಕೇ ಚಳಿಗಾಲದಲ್ಲೂ ಒಳಗೆ ಬೆಚ್ಚಗಿರುತ್ತದೆ. ಅದಕ್ಕೇ ಮಡಚಿದಾಗ ಹಾಸಿಗೆ ಸುತ್ತಿಟ್ಟ ಹಾಗೆ ಹಿಂದೆ ಎತ್ತರಕ್ಕೆ ಕೂರುವುದೂ. ಹಿಂದಿನ ರಸ್ತೆ ಅರ್ಧ ಕಾಣುವುದಿಲ್ಲ. ಗೆಳೆಯ ಅದನ್ನು ಕೇಳಿದಾಗ ಯಜಮಾನರು, "ಹಿಂದೆ ಯಾಕೆ ನೋಡ್ತೀರಿ? ಈ ಕಾರನ್ನು ಎಲ್ಲರೂ ದಾಟಿ ಮುಂದೆ ಹೋಗ್ತಾರೆ" ಅಂದರು.

ಒಂದು ದಪ್ಪ ಫೈಲು ತಂದರು. ಕಾರು ಬಿಚ್ಚಿದಾಗಿನ ಫೋಟೋಗಳು, ತೂತು ಬಿದ್ದ ತಗಡು, ಬಿಲ್ಲುಗಳು. ತಜ್ಞರ ವರದಿಯಲ್ಲಿ ದರ್ಜೆ 2. ಜರ್ಮನಿಯಲ್ಲಿ ಹಳೆ ಕಾರಿಗೆ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ, 1 ಎಲ್ಲಕ್ಕಿಂತ ಮೇಲು. ನಂಬರ್ ಪ್ಲೇಟಿನ ಕೊನೆಯಲ್ಲಿ ಎಚ್ ಅಕ್ಷರ ಇತ್ತು. ಮೂವತ್ತು ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ಕಾರಿಗೆ ಸಿಗುವ ಗುರುತು ಅದು. ಎಂಜಿನ್ ಎಷ್ಟು ದೊಡ್ಡದಿದ್ದರೂ ವರ್ಷದ ತೆರಿಗೆ 191 ಯೂರೋ ಚಿಲ್ಲರೆ. ಬೀಟಲ್ಲಿನಂಥ ಸಣ್ಣ ಕಾರಿಗೆ ಇದರಿಂದ ಭಾರಿ ಲಾಭವೇನಿಲ್ಲ, ಜಂಬ ಜಾಸ್ತಿ.

ಗೆಳೆಯ ಕಾರಿಗೆ ಮನಸೋತಿದ್ದ, ಮುಖದಲ್ಲೇ ಗೊತ್ತಾಗುತ್ತಿತ್ತು. ಚೌಕಾಸಿ ಕೂಡ ಮಾಡಲಿಲ್ಲ. ಆಗ ಯಜಮಾನರು ಕೇಳಿದರು: "ಕಾರು ಎಲ್ಲಿ ನಿಲ್ಲಿಸ್ತೀರಿ?"

"ಮನೆ ಮುಂದೆ. ರಸ್ತೆಯಲ್ಲಿ ಜಾಗ ಇದೆ."

"ಮಳೆಗೆ?"

"ಕವರ್ ಹಾಕ್ತೀನಿ."

ಯಜಮಾನರು ಫೈಲು ಮುಚ್ಚಿದರು. ಕವರಿನ ಅಡಿಯಲ್ಲಿ ತೇವ ಸಿಕ್ಕಿಕೊಂಡರೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ, ಟಾಪ್ ಬೂಷ್ಟು ಹಿಡಿಯುತ್ತದೆ ಅಂತ ವಿವರಿಸಿದರು. "ಗ್ಯಾರೇಜ್ ಬಾಡಿಗೆ ಪತ್ರ ತನ್ನಿ, ಆಗ ಮಾತಾಡೋಣ." ಗೆಳೆಯ ಇನ್ನೂ ಐನೂರು ಯೂರೋ ಜಾಸ್ತಿ ಕೊಡುತ್ತೇನೆ ಅಂದ. ಅವರು ನಕ್ಕರು, ಅಷ್ಟೇ. ನನಗೆ ಒಳಗೊಳಗೇ ಖುಷಿಯಾಯಿತು, ಇವನಿಗೆ ಹೇಳಲಿಲ್ಲ.

ನಡೆದು ಬಂದ ಕಥೆ ಕೇಳಿ, ಸ್ಟೇಷನ್ನಿಗೆ ಅದೇ ಕಾರಿನಲ್ಲಿ ಬಿಡುತ್ತೇನೆ ಅಂದರು. ಬ್ಯಾಗು ಇಡಲು ಮುಂದಿನ ಬಾನೆಟ್ ತೆಗೆದರು, ಡಿಕ್ಕಿ ಇರುವುದು ಅಲ್ಲೇ. ಸ್ಟೆಪ್ನಿಯಿಂದ ಒಂದು ಸಣ್ಣ ಪೈಪು ನೀರಿನ ಡಬ್ಬಕ್ಕೆ ಹೋಗಿತ್ತು. ಗಾಜು ತೊಳೆಯುವ ನೀರು ಚಿಮ್ಮುವುದು ಸ್ಟೆಪ್ನಿಯ ಗಾಳಿಯ ಒತ್ತಡದಿಂದ! ಮೋಟರೇ ಇಲ್ಲ. ಗುಂಡಿ ಒತ್ತಿ ತೋರಿಸಿದರು. ಟಾಪ್ ತೆರೆದಿದ್ದರಿಂದ ಅರ್ಧ ನೀರು ಹಿಂದೆ ಕೂತ ನನ್ನ ಮುಖಕ್ಕೇ ಬಂತು.

ಎಂಜಿನ್ ಸದ್ದು ಬೆನ್ನ ಹಿಂದೆಯೇ ಉಳಿಯುವುದರಿಂದ ಮುಂದೆ ಕೂತವರು ಆರಾಮಾಗಿ ಮಾತಾಡಬಹುದು. ಹಿಂದೆ ಕೂತವನಿಗೆ ಏನೂ ಕೇಳುವುದಿಲ್ಲ. ಗಾಳಿಯೂ ಅವನಿಗೇ. ಈ ಕಾರು ಕೊಂಡರೆ ಮುಂದಿನ ಸೀಟು ಹಿಡಿಯಿರಿ, ಅದು ನನ್ನ ಸಲಹೆ. ಸ್ಟೇಷನ್ನಿನ ಮುಂದೆ ನಿಲ್ಲಿಸಿದಾಗ ಸಿಗರೇಟು ಸೇದುತ್ತಿದ್ದ ಇಬ್ಬರು ಹುಡುಗರು ಹೆಬ್ಬೆರಳು ಎತ್ತಿದರು. ಯಜಮಾನರು ಅವರ ಕಡೆ ನೋಡಲೂ ಇಲ್ಲ, ಗೆಳೆಯನಿಗೆ ಮಾತ್ರ ಮತ್ತೊಮ್ಮೆ ಹೇಳಿದರು: "ಒಣಗಿದ ಗ್ಯಾರೇಜ್. ಬಾಗಿಲು ಇರೋದು."

ರೈಲಿನಲ್ಲಿ ಇವನು ಕಾರಿನ ಫೋಟೋ ನೋಡುವುದು ಬಿಟ್ಟು ಗ್ಯಾರೇಜ್ ಬಾಡಿಗೆ ಹುಡುಕಲು ಶುರು ಮಾಡಿದ. "ನಾಳೆನೇ ಸಿಗುತ್ತೆ ಬಿಡು ಮಾರಾಯ" ಅಂದೆ. ಇನ್ನೂ ಸಿಕ್ಕಿಲ್ಲ. ಎಲ್ಲ ಕಡೆ ಕಾಯುವವರ ಪಟ್ಟಿ. ಹನೋವರ್‌ನ ಲಿಂಡೆನ್ ಕಡೆ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಕಾರು ಇನ್ನೂ ಮಾರಾಟಕ್ಕಿದೆ.